ಗೋಕರ್ಣದ ದಾರಿಯಲ್ಲೊಂದು ಉಪ್ಪಿನೂರು

ಮಹಾಬಲೇಶ್ವರನ ದರ್ಶನಕ್ಕೋ ಓಂ ಬೀಚಿಗೋ ಹೊರಟವರು ಸಾಣಿಕಟ್ಟಾದಲ್ಲಿ ಇಳಿಯುವುದು ಕಡಿಮೆ. ಬಯಲ ತುಂಬ ಚೌಕ ಚೌಕವಾಗಿ ನಿಂತ ನೀರು, ಬದುವಿನ ಮೇಲೆ ಸಾಲುಗಟ್ಟಿದ ಉಪ್ಪಿನ ಗುಡ್ಡೆಗಳನ್ನು ಕಿಟಕಿಯಿಂದಲೇ ಕಂಡು, ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಂಡು ಮುಂದೆ ಸಾಗುತ್ತಾರೆ. ಕುಮಟಾ ತಾಲ್ಲೂಕಿನ ಈ ಊರು ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಮಗ್ಗುಲಲ್ಲಿದೆ. ಘಟ್ಟದ ಮೇಲಿನ ನಮ್ಮಂಥವರಿಗೆ ಊರಿಗಿಂತ ಮೊದಲು ಪರಿಚಯವಾದದ್ದು ಅದರ ಉಪ್ಪು. ಅಪ್ಪೆಮಿಡಿಯ ಕಾಲ ಬಂತೆಂದರೆ ಭರಣಿ ತೊಳೆದಿಟ್ಟು, ಸಾಣಿಕಟ್ಟಾ ಉಪ್ಪು ಬಂತೇ ಎಂದು ವಿಚಾರಿಸುವ ಮನೆಗಳು ಈಗಲೂ ಇವೆ. ಪೊಟ್ಟಣದ ಪುಡಿ ಉಪ್ಪಿನಲ್ಲಿ ಹಾಕಿದ ಮಿಡಿ ಬಾಳುವುದಿಲ್ಲ ಎಂಬುದು ಆ ಮನೆಗಳ ಹಿರಿಯರ ತೀರ್ಮಾನ. ಅದರ ಮೇಲೆ ಅಪೀಲು ಇಲ್ಲ.

ಹರಳು ಕಟ್ಟುವುದನ್ನು ನೋಡಬೇಕೆಂದರೆ ಫೆಬ್ರುವರಿಯ ನಂತರ, ಬಿಸಿಲು ನೆತ್ತಿ ದಾಟಿದ ಮೇಲೆ ಹೋಗಬೇಕು. ಗಾಳಿ ತುಸು ತಗ್ಗಿದಾಗ ಗದ್ದೆಯ ನೀರಿನ ಮೇಲೆ ತೆಳ್ಳನೆಯ ಕೆನೆಯಂಥದೊಂದು ಪದರ ಕಾಣುತ್ತದೆ. ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದರೆ ಅದು ಒಂದೇ ಪದರವಲ್ಲ, ಸಾಸಿವೆಗಿಂತ ಚಿಕ್ಕ ಚೌಕ ಬಿಲ್ಲೆಗಳ ಗುಂಪು. ಒಂದೊಂದು ಬಿಲ್ಲೆಯೂ ನಡುವೆ ತಗ್ಗಾಗಿ, ಅಂಚಿನಲ್ಲಿ ಬೆಳೆಯುತ್ತ, ತಲೆಕೆಳಗಾದ ಪುಟ್ಟ ಗೋಪುರದ ಆಕಾರ ತಾಳುತ್ತದೆ. ಭಾರ ಹೆಚ್ಚಿದ್ದು ಮುಳುಗುತ್ತದೆ, ಇಲ್ಲವೇ ಒಂದು ಸಣ್ಣ ಅಲೆ ಬಂದು ಮುಳುಗಿಸುತ್ತದೆ. ತಳ ಸೇರಿದ ಮೇಲೆ ಬೆಳೆಯುವ ಕೆಲಸ ಅಲ್ಲಿಯೇ ಮುಂದುವರಿದು, ದಿನಗಳು ಕಳೆದಂತೆ ನಾವು ಅಂಗಡಿಯಲ್ಲಿ ಕಾಣುವ ಹರಳಾಗುತ್ತದೆ. ಅಲ್ಲಿ ದುಡಿಯುತ್ತಿದ್ದ ಹೆಂಗಸೊಬ್ಬರಿಗೆ ಇದನ್ನೆಲ್ಲ ಬಗ್ಗಿ ನೋಡುವ ದರಕಾರೇ ಇರಲಿಲ್ಲ. ನೀರಿಗೆ ಕಾಲಿಟ್ಟು, ಅಂಗಾಲಿಗೆ ತಾಗಿದ ಹರಳಿನಿಂದಲೇ ಇವತ್ತು ಎಳೆಯಬಹುದೋ ನಾಳೆಗೆ ಬಿಡಬೇಕೋ ಎಂದು ಲೆಕ್ಕ ಹಾಕಿಬಿಟ್ಟರು. ನಾನು ಕೇಳಿದ್ದಕ್ಕೆ ನಕ್ಕರು, ವಿವರಿಸಲಿಲ್ಲ.

ಅಷ್ಟಕ್ಕೆ ಬರುವ ಮೊದಲು ನೀರಿನದು ದೊಡ್ಡ ಪ್ರಯಾಣ. ಮಳೆಗಾಲದಲ್ಲಿ ಹೊಳೆಯ ನೆರೆಯಿಂದ ಅಳಿವೆಯ ನೀರು ಸಪ್ಪೆಯಾಗಿರುತ್ತದೆ. ಹೊಳೆಯ ಬಲ ಇಳಿದು ಕಡಲಿನ ಕೈ ಮೇಲಾದ ಮೇಲೆ, ಭರತದ ಹೊತ್ತಿಗೆ ತೂಬು ತೆರೆದು ನೀರು ಒಳಗೆ ಬಿಡುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ ಲವಣ. ಹತ್ತರಲ್ಲಿ ಒಂಬತ್ತು ಪಾಲು ನೀರು ಆರಿಹೋಗುವ ತನಕ ಅಡುಗೆಯ ಉಪ್ಪು ಕಟ್ಟಲು ಶುರುವಾಗುವುದೇ ಇಲ್ಲ. ಅದಕ್ಕೇ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ, ಬಿಸಿಲಲ್ಲಿ ನೀರನ್ನು ಗಟ್ಟಿ ಮಾಡುತ್ತ ಬರುತ್ತಾರೆ. ಜಿಪ್ಸಂ ದಾರಿಯಲ್ಲೇ ತಳಕ್ಕಿಳಿಯುತ್ತದೆ. ಅತಿಯಾಗಿ ಆರಲೂ ಬಿಡುವಂತಿಲ್ಲ; ಬಿಟ್ಟರೆ ಮೆಗ್ನೀಶಿಯಂ ಸೇರಿ ಉಪ್ಪು ಕಹಿಯಾಗುತ್ತದೆ. ಗದ್ದೆಯ ತಳ ಜೇಡಿಮಣ್ಣು; ತುಳಿದು, ಬಡಿದು ಗಟ್ಟಿ ಮಾಡಿದ ನೆಲ. ಸಾಣಿಕಟ್ಟಾ ಉಪ್ಪಿನ ತಿಳಿಗಂದು ಬಣ್ಣ ಈ ಮಣ್ಣಿನದು. ಪೇಟೆಯವರು ಅದನ್ನು ಕೊಳೆ ಎಂದುಕೊಳ್ಳುತ್ತಾರೆ. ಬೆಳ್ಳಗಿದ್ದದ್ದೆಲ್ಲ ಶುದ್ಧ ಎಂದು ನಂಬಿಸಿದ ಜಾಹೀರಾತುಗಳ ಫಲ ಅದು.

ಎಳೆಯುವುದು, ಬುಟ್ಟಿ ತುಂಬುವುದು, ತಲೆಯ ಮೇಲೆ ಹೊತ್ತು ಬದುವಿನಲ್ಲಿ ಸುರಿಯುವುದು ಎಲ್ಲವೂ ಕೈಕೆಲಸವೇ. ಆಗೇರ ಸಮುದಾಯದವರಿಗೆ ಉಪ್ಪಿನ ಆಗರದ ದುಡಿಮೆ ತಲೆಮಾರುಗಳಿಂದ ಬಂದದ್ದು. ಹಾಲಕ್ಕಿ ಒಕ್ಕಲಿಗರೂ ಜೊತೆಗಿದ್ದಾರೆ. ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದರೆ ಗದ್ದೆಯಲ್ಲಿದ್ದ ಉಪ್ಪೆಲ್ಲ ನೀರುಪಾಲು.

ಇನ್ನು ಚರಿತ್ರೆ. ಇಲ್ಲಿಯ ಉಪ್ಪು ಮುನ್ನೂರು ವರ್ಷಕ್ಕೂ ಹಳೆಯದು ಎನ್ನುತ್ತಾರೆ. ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿ, ಮರಳುವ ಗಾಡಿಗಳು ಉಪ್ಪು ಹೇರಿಕೊಂಡು ಹೋಗುತ್ತಿದ್ದವು ಎಂಬುದು ಹಿರಿಯರ ಮಾತು. ಬ್ರಿಟಿಷರು ಕರಾವಳಿಯ ಸಣ್ಣಪುಟ್ಟ ಆಗರಗಳನ್ನು ಮುಚ್ಚಿಸಿ, ಕಾವಲಿಗೂ ಕರವಸೂಲಿಗೂ ಅನುಕೂಲವೆಂದು ಇದನ್ನು ಉಳಿಸಿಕೊಂಡರಂತೆ. ಆ ಕರದ ಸಿಟ್ಟು ಪಕ್ಕದ ಅಂಕೋಲೆಯಲ್ಲಿ ಸಿಡಿಯಿತು: 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಕಾಯಿದೆ ಮುರಿದು ಉಪ್ಪು ತಯಾರಿಸಿದರು. ಸ್ವಾತಂತ್ರ್ಯದ ನಂತರ, 1952ರಲ್ಲಿ, ಆಗರದ ಒಡೆಯರು ಸೇರಿ ನಾಗರಬೈಲ್ ಸಾಲ್ಟ್ ಓನರ್ಸ್ ಕೋ-ಆಪರೇಟಿವ್ ಸೊಸೈಟಿ ಕಟ್ಟಿಕೊಂಡರು. ವ್ಯವಹಾರ ಈಗ ಅದರ ಮೂಲಕವೇ.

ಉಪ್ಪನ್ನು ಮಾತ್ರ ಹೇಳಿದರೆ ಈ ಅಳಿವೆಯ ಕಥೆ ಅರ್ಧವಾಗುತ್ತದೆ. ಇದೇ ನೀರಿನ ಅಂಚಿನ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪುನೀರು ನುಗ್ಗಿದರೂ ನೆರೆಯಲ್ಲಿ ಮುಳುಗಿದರೂ ಜಗ್ಗದ ತಳಿ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಟ್ಟರೆ, ಭತ್ತ ಮುಗಿದ ಗದ್ದೆಗೆ ಸಿಗಡಿ, ಮೀನು ಬಂದು ಮೇಯುತ್ತಿದ್ದವು. 1990ರ ದಶಕದ ಸಿಗಡಿ ಕೃಷಿಯ ಹುಮ್ಮಸ್ಸಿನಲ್ಲಿ ಕಗ್ಗ ಬಹುಪಾಲು ಜಾಗ ಕಳೆದುಕೊಂಡಿತು. ಇದೇ ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಮೀನುಗಾರರು, ಬೆಳಚಿನ ಚಿಪ್ಪು ಹೆಕ್ಕುವವರು, ರೈತರು ಒಟ್ಟಾಗಿ ವಿರೋಧಿಸಿದ್ದರಿಂದ ಅದು ನಿಂತಿತು. ಅಳಿವೆಯ 4,801 ಹೆಕ್ಟೇರಿಗೆ ಈಚೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆಯೂ ಬಂದಿದೆ. ಹಕ್ಕಿ, ಕಾಂಡ್ಲಾ ಗಿಡಗಳ ಜೊತೆ ಉಪ್ಪು ಎಳೆಯುವವರನ್ನೂ ಆ ಮಾನ್ಯತೆ ಕಾಯುತ್ತದೆಯೇ ಎನ್ನುವುದು ನನ್ನ ಅನುಮಾನ.

ಕಾರಣ, ಅವರ ಪೈಪೋಟಿ ಗುಜರಾತಿನ ಜೊತೆ. ದೇಶದ ಉಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ, ಯಂತ್ರದಲ್ಲಿ ಅಗೆದು ರೈಲಿನಲ್ಲಿ ಸಾಗುತ್ತದೆ. 2006ರ ಮೇ ತಿಂಗಳಿಂದ ಅಯೋಡಿನ್ ಬೆರೆಸದ ಉಪ್ಪನ್ನು ಊಟದ ಬಳಕೆಗೆ ಮಾರುವಂತಿಲ್ಲ. ಗಳಗಂಡ ತಡೆಯುವ ನಿಯಮವನ್ನು ತಪ್ಪೆನ್ನಲಾಗದು, ಆದರೆ ಬೆರೆಸುವ ಖರ್ಚು ದೊಡ್ಡ ಕಂಪನಿಗೂ ಸಣ್ಣ ಆಗರಕ್ಕೂ ಒಂದೇ ರೀತಿ ತಟ್ಟುವುದಿಲ್ಲ. ಓದಿದ ಮಕ್ಕಳಿಗೆ ಮಾರ್ಚ್ ಬಿಸಿಲಿನಲ್ಲಿ ಬುಟ್ಟಿ ಹೊರುವ ಆಸೆಯಿಲ್ಲ. ಇರಬೇಕೆಂದು ನೆರಳಲ್ಲಿ ಕೂತು ಬರೆಯುವ ನಾನು ಹೇಳಲಾರೆ. ಕೂಲಿ ಹೆಚ್ಚಾಗಬೇಕು ಎಂದಷ್ಟೇ ಹೇಳಬಲ್ಲೆ. ಅದು ಉಪ್ಪಿನ ದರದಿಂದಲೇ ಬರಬೇಕು.

ಜನವರಿಯಿಂದ ಮೇ ನಡುವೆ ಗೋಕರ್ಣಕ್ಕೆ ಹೋಗುವವರು ಸಾಣಿಕಟ್ಟಾದಲ್ಲಿ ಅರ್ಧ ಗಂಟೆ ಇಳಿಯಿರಿ. ಬದುವಿನ ಮೇಲೆ ಚಪ್ಪಲಿ ಕಳಚಿ, ಗದ್ದೆಗೆ ಕಾಲಿಡದೆ ನೋಡಿ. ಬರುವಾಗ ಈ ವರ್ಷದ ಮಿಡಿಗೆ ಬೇಕಾದಷ್ಟು ಉಪ್ಪನ್ನು ಅಲ್ಲಿಂದಲೇ ಕೊಂಡುಕೊಂಡು ಬನ್ನಿ, ಚೌಕಾಸಿ ಮಾಡಬೇಡಿ.