ಸಂಕಲನದ ಶಕ್ತಿ

ಚಿತ್ರೀಕರಿಸಿದ ತುಣುಕುಗಳನ್ನು ಆಯ್ದು, ಕತ್ತರಿಸಿ, ಕ್ರಮವಾಗಿ ಜೋಡಿಸುವ ಕಲೆಗೆ ಸಂಕಲನವೆಂದು ಹೆಸರು. ಜೋಡಣೆ ಬದಲಾದರೆ ದೃಶ್ಯದ ಅರ್ಥವೂ ಬದಲಾಗುತ್ತದೆ. 1920ರ ಸುಮಾರಿನಲ್ಲಿ ರಷ್ಯದ ನಿರ್ದೇಶಕ ಲೆವ್ ಕುಲೆಶೋವ್ ಇದನ್ನು ಪ್ರಯೋಗದ ಮೂಲಕ ತೋರಿಸಿದನು. ನಟನೊಬ್ಬನ ನಿರ್ವಿಕಾರ ಮುಖದ ಅನಂತರ ಊಟದ ಬಟ್ಟಲು ಬಂದಾಗ ಪ್ರೇಕ್ಷಕರು ಅದರಲ್ಲಿ ಹಸಿವನ್ನೂ, ಶವಪೆಟ್ಟಿಗೆ ಬಂದಾಗ ಅದೇ ಮುಖದಲ್ಲಿ ದುಃಖವನ್ನೂ ಕಂಡರೆಂದು ಹೇಳುತ್ತಾರೆ.

1964ರಲ್ಲಿ ತೆರೆಕಂಡ ‘ಮೇರಿ ಪಾಪಿನ್ಸ್’ ಕುಟುಂಬದವರೆಲ್ಲ ಕೂಡಿ ನೋಡಿ ನಲಿದ ಅಮೆರಿಕದ ಚಿತ್ರ. ಕೊಡೆ ಹಿಡಿದು ಆಕಾಶದಿಂದ ಇಳಿದುಬರುವ ದಾದಿಯೊಬ್ಬಳು ಮನೆಯ ಮಕ್ಕಳಿಗೆ ಸಂತೋಷವನ್ನು ತರುವುದೇ ಅದರ ಕಥೆ. 2006ರಲ್ಲಿ ಸಂಕಲನಕಾರನೊಬ್ಬನು ಆ ಚಿತ್ರದ ತುಣುಕುಗಳಿಂದಲೇ ಭಯಾನಕ ಚಿತ್ರದ ಅಣಕು ಟ್ರೈಲರೊಂದನ್ನು ಸಿದ್ಧಪಡಿಸಿದನು. ಹಾಡು, ನಗೆಗಳನ್ನು ಕೈಬಿಟ್ಟು, ಬೀಸುವ ಗಾಳಿ, ಓಡುವ ಮಕ್ಕಳು ಮೊದಲಾದ ದೃಶ್ಯಗಳನ್ನು ಆರಿಸಿ, ಎದೆ ನಡುಗಿಸುವ ಸಂಗೀತವನ್ನು ಕೂಡಿಸಿದನು. ವಾತ್ಸಲ್ಯಮಯಿ ದಾದಿ ಮಾಟಗಾತಿಯಂತೆ ತೋರಿದಳು!

ಇದು ನಗೆಗಾಗಿ ಮಾಡಿದ ಕೌಶಲ, ನೋಡಿದವರು ನಕ್ಕರು. ಆದರೆ ಇದೇ ಕೌಶಲವು ವಂಚಕರ ಕೈಗೆ ಸಿಕ್ಕರೆ? ಒಬ್ಬನ ಮಾತಿನ ಹಿಂದುಮುಂದನ್ನು ಕತ್ತರಿಸಿ ತೋರಿಸಿದರೆ ನಿರಪರಾಧಿಯೂ ಅಪರಾಧಿಯಂತೆ ಕಂಡಾನು. ಆದುದರಿಂದ ತೋರಿಸಿದ್ದನ್ನು ನೋಡುವಾಗ ತೋರಿಸದೆ ಬಿಟ್ಟದ್ದು ಯಾವುದೆಂದೂ ಕೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತು ತೆರೆಯ ಮೇಲಿನ ದೃಶ್ಯಗಳಿಗೂ ಸಲ್ಲುತ್ತದೆ.