ನಿಮಗಿದು ಗೊತ್ತೇ? ಮಿಷನ್ ಕಾಲೇಜಿನ ಓದು ಮತ್ತು ಫೀಸಿನ ದಾರಿಗಳು

ಹತ್ತಿಮತ್ತೂರಿನ ಕಡೆ ಕಾಲೇಜು ಸೇರುವ ಹೊತ್ತೂ ಬಿತ್ತುವ ಹೊತ್ತೂ ಒಂದೇ. ಜೂನ್ ಬಂತೆಂದರೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ. ಅದರ ಬೆನ್ನಿಗೇ ಮಕ್ಕಳ ಫೀಸು. ಗೋವಿನಜೋಳದ ದುಡ್ಡು ಕೈಗೆ ಬರುವುದು ದೀಪಾವಳಿಯ ಹೊತ್ತಿಗೆ. ಧಾರವಾಡದಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಮಿಷನ್ ಕಾಲೇಜಿನಲ್ಲಿ ಸೀಟು ಸಿಕ್ಕರೂ ‘ನಮ್ಮ ಕೈಲೆ ಆಗೂದಿಲ್ಲ’ ಎಂದು ಬಿಟ್ಟುಕೊಡುವ ಮನೆಗಳು ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರಿನ ಹಳ್ಳಿಗಳಲ್ಲಿವೆ. ಈ ಸಲದ ಅಂಕಣ ಆ ಮನೆಗಳಿಗಾಗಿ.

ಓದುವ ಮಕ್ಕಳಿಗೆ ಊರೇ ನೆರವಾಗುವ ಪದ್ಧತಿ ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿದುಕೊಳ್ಳಲು 27 ಮನೆಗಳು, ರಾತ್ರಿ ಓದಿಗೆ ದೀಪದ ಎಣ್ಣೆಗಾಗಿ ಬೇರೆಯದೇ ಭೂಮಿ. ಊರವರು ತಾವೂ ಒಂದು ಕಟ್ಟಳೆ ಹಾಕಿಕೊಂಡರು: ಮದುವೆಯಾದರೆ 5 ನಾಣ್ಯ, ಉಪನಯನವಾದರೆ ಅದರರ್ಧ ಶಾಲೆಗೆ ಸಲ್ಲಬೇಕು. ಹತ್ತಿಮತ್ತೂರಿನಲ್ಲೂ ರಾಷ್ಟ್ರಕೂಟರ ಶಾಸನವಿದೆ, ಅದು ಒಂದನೆಯ ಕೃಷ್ಣನ ಕಾಲದ್ದು.

ಕ್ರೈಸ್ತ ಮಿಷನರಿಗಳ ಕಥೆ ಅದಕ್ಕಿಂತ ಬಹಳ ಈಚಿನದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅಲ್ಲಿಯವರೆಗೆ ಈ ಭಾಗದ ಹುಡುಗರು ಪದವಿಗಾಗಿ ಪುಣೆ, ಮುಂಬೈ ಹಾದಿ ಹಿಡಿಯಬೇಕಿತ್ತು. ಮುಂಬೈಯ ವಿಲ್ಸನ್ ಕಾಲೇಜು, ಸೇಂಟ್ ಝೇವಿಯರ್ಸ್ ಕಾಲೇಜುಗಳೂ ಮಿಷನರಿಗಳವೇ. ಕನ್ನಡ ನಿಘಂಟನ್ನು 1894ರಲ್ಲಿ ಪ್ರಕಟಿಸಿದ, ಬಾಸೆಲ್ ಮಿಷನ್ನಿನ ಕಿಟೆಲ್ ಹೆಸರಿನ ಕಾಲೇಜು ಇಂದು ಧಾರವಾಡದಲ್ಲೇ ಇದೆ.

ಮಂಗಳೂರಿನ ಸೇಂಟ್ ಅಲೋಶಿಯಸ್ 1880ರದ್ದು, ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದ್ದು. ಹೆಣ್ಣುಮಕ್ಕಳಿಗೆಂದೇ ಮಂಗಳೂರಿನ ಸೇಂಟ್ ಆಗ್ನೆಸ್ 1921ರಲ್ಲಿ, ಬೆಂಗಳೂರಿನ ಮೌಂಟ್ ಕಾರ್ಮೆಲ್ 1948ರಲ್ಲಿ ಶುರುವಾದವು.

ಒಂದೇ ಕಾಲೇಜು, ಒಂದೇ ಕಟ್ಟಡ, ಆದರೂ ಎರಡು ಕೋರ್ಸಿನ ಫೀಸಿನಲ್ಲಿ ಅಜಗಜಾಂತರ. ಇದು ಬಹಳ ಪಾಲಕರಿಗೆ ಗೊತ್ತೇ ಇರುವುದಿಲ್ಲ. ಹಳೆಯ ಮಿಷನ್ ಕಾಲೇಜುಗಳಲ್ಲಿ ಹಲವು ಬಿ.ಎ., ಬಿ.ಎಸ್ಸಿ., ಬಿ.ಕಾಂ. ಕೋರ್ಸುಗಳು ಅನುದಾನಿತ. ಅಂದರೆ ಅಲ್ಲಿನ ಕಾಯಂ ಅಧ್ಯಾಪಕರ ಸಂಬಳ ಸರ್ಕಾರದ ಖಜಾನೆಯಿಂದ ಬರುತ್ತದೆ, ಆ ಭಾರ ವಿದ್ಯಾರ್ಥಿಯ ಮೇಲೆ ಬೀಳುವುದಿಲ್ಲ. ಅದೇ ಆವರಣದ ಬಿಸಿಎ, ಬಿಬಿಎ ಮತ್ತು ಹೊಸ ಹೊಸ ಕೋರ್ಸುಗಳು ಸಾಮಾನ್ಯವಾಗಿ ಅನುದಾನರಹಿತ. ಸಂಬಳದಿಂದ ಹಿಡಿದು ಕಂಪ್ಯೂಟರ್ ಲ್ಯಾಬಿನವರೆಗೆ ಎಲ್ಲ ಖರ್ಚೂ ಫೀಸಿನಿಂದಲೇ ಹುಟ್ಟಬೇಕು. ಅರ್ಜಿ ತುಂಬುವ ಮೊದಲು ಕೌಂಟರಿನಲ್ಲಿ ಕೇಳಬೇಕಾದ ಮೊದಲ ಮಾತು ‘ಫೀಸ್ ಎಷ್ಟು?’ ಅಲ್ಲ, ‘ಈ ಕೋರ್ಸ್ ಅನುದಾನಿತವೋ ಅಲ್ಲವೋ?’ ಎಂಬುದು. ಆಮೇಲೆ, ಬೋಧನಾ ಶುಲ್ಕ ಎಷ್ಟು, ಪರೀಕ್ಷೆ ಮತ್ತು ಇತರ ಶುಲ್ಕ ಎಷ್ಟು, ಹಾಸ್ಟೆಲ್ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಸ್ಕಾಲರ್‌ಶಿಪ್ ಯಾವುದಕ್ಕೆ ಸಾಲುತ್ತದೆ, ಕೈಯಿಂದ ಎಷ್ಟು ಹಾಕಬೇಕು ಎಂಬುದು ಆಗಲೇ ತಿಳಿಯುವುದು.

ಕ್ರೈಸ್ತರ ಕಾಲೇಜೆಂದರೆ ಕ್ರೈಸ್ತರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅಲ್ಪಸಂಖ್ಯಾತರದೆಂಬ ಕಾರಣಕ್ಕೆ ಅನುದಾನ ಕೊಡುವಾಗ ಸರ್ಕಾರ ಭೇದ ಮಾಡುವಂತಿಲ್ಲ ಎಂದೂ ಹೇಳಿದೆ. ಇತ್ತ 29(2)ನೇ ವಿಧಿಯ ಪ್ರಕಾರ ಅನುದಾನ ಪಡೆಯುವ ಸಂಸ್ಥೆ ಬರೀ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಇವೆರಡನ್ನೂ ಹೇಗೆ ತೂಗಬೇಕೆಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಆ ಪ್ರಕರಣ ಹೊರಟದ್ದು ನಮ್ಮ ರಾಜ್ಯದಿಂದಲೇ: ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರ.

ಅನುದಾನಿತ ಕಾಲೇಜಿನಲ್ಲಿ ಪ್ರಾರ್ಥನೆಗೋ ಧರ್ಮಬೋಧೆಗೋ ವಿದ್ಯಾರ್ಥಿಯನ್ನು ಒತ್ತಾಯದಿಂದ ಕೂರಿಸುವಂತಿಲ್ಲ. ಒಪ್ಪಿಗೆ ಬೇಕು, ಹದಿನೆಂಟು ತುಂಬದವರಾದರೆ ಪೋಷಕರ ಒಪ್ಪಿಗೆ. ಇದು 28(3)ನೇ ವಿಧಿ.

ಮುಸ್ಲಿಮರ ಸ್ಥಿತಿಗತಿ ಕುರಿತ ಸಾಚಾರ್ ಸಮಿತಿಯ ವರದಿ ಬಂದದ್ದು 2006ರಲ್ಲಿ. ಅದಾದ ಮೇಲೆ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ವೃತ್ತಿಪರ ಕೋರ್ಸುಗಳಿಗೆ ಮೆರಿಟ್-ಕಮ್-ಮೀನ್ಸ್ ವಿದ್ಯಾರ್ಥಿವೇತನ ಶುರುಮಾಡಿತು. ಎರಡರಲ್ಲೂ ಶೇ. 30 ಪಾಲು ಹೆಣ್ಣುಮಕ್ಕಳಿಗೆ ಮೀಸಲಿತ್ತು. ಪಟ್ಟಿಯಲ್ಲಿರುವ ಸಮುದಾಯಗಳು ಆರು: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಮತ್ತು 2014ರಿಂದ ಜೈನ. ಸಂಶೋಧನೆಗೆ ಸಿಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತುಹೋಯಿತು. ಅಣ್ಣನಿಗೆ ಬಂದದ್ದು ತಮ್ಮನಿಗೂ ಬಂದೇ ಬರುತ್ತದೆ ಎಂದು ನಂಬಿ ಕೂರಬೇಡಿ. ಆ ವರ್ಷದ ಅಧಿಸೂಚನೆ ನೋಡಿಯೇ ಲೆಕ್ಕ ಹಾಕಿ.

ಈಗ ಹೇಳುವುದನ್ನು ನಿಧಾನವಾಗಿ ಓದಿ. ಮುಂಡಗೋಡ, ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಯವರೂ ಸೇರಿದರು. ಪಂಗಡದ ಪಟ್ಟಿಗೆ ಧರ್ಮದ ಷರತ್ತಿಲ್ಲ. ಆದ್ದರಿಂದ ಕ್ರೈಸ್ತ ಸಿದ್ದಿ ಹುಡುಗಿಗೂ ಪರಿಶಿಷ್ಟ ಪಂಗಡದ ವಿದ್ಯಾರ್ಥಿವೇತನದ ಹಕ್ಕಿದೆ. ಪರಿಶಿಷ್ಟ ಜಾತಿಯ ವಿಷಯ ಹಾಗಿಲ್ಲ. 1950ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ ಆ ಸ್ಥಾನವನ್ನು ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಕೊಟ್ಟಿತು. ಕ್ರೈಸ್ತರಿಗೆ, ಮುಸ್ಲಿಮರಿಗೆ ಕೊಡಲಿಲ್ಲ. ಹೀಗಾಗಿ ಒಂದೇ ಕೇರಿಯಲ್ಲಿ ಬೆಳೆದು, ಒಂದೇ ಹೊಲದಲ್ಲಿ ಕೂಲಿ ಮಾಡಿದ ಇಬ್ಬರು ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನಿಗೆ ಪರಿಶಿಷ್ಟ ಜಾತಿಯ ನೆರವು ಸಿಗುತ್ತದೆ, ದೀಕ್ಷಾಸ್ನಾನ ಪಡೆದ ಇನ್ನೊಬ್ಬನಿಗೆ ಸಿಗುವುದಿಲ್ಲ. ಇಬ್ಬರ ಬಡತನವೂ ಒಂದೇ, ಊರು ಅವರನ್ನು ನೋಡುವ ಕಣ್ಣೂ ಒಂದೇ. ಈ ಭೇದ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು.

ಕರ್ನಾಟಕದಲ್ಲಿ ಈ ಭೇದಕ್ಕೆ ಸ್ವಲ್ಪ ಪರಿಹಾರವಿದೆ. ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡ ಕ್ರೈಸ್ತರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಪ್ರವರ್ಗ-1ರ ಮೀಸಲಾತಿಗೆ ಆದಾಯದ ಮಿತಿಯಿಲ್ಲ, 3ಬಿಗೆ ಇದೆ. ಜಾತಿ ಪ್ರಮಾಣಪತ್ರದಲ್ಲಿ ಬರೀ ‘ಕ್ರಿಶ್ಚಿಯನ್’ ಎಂದು ಬರೆಸಿ ಸುಮ್ಮನಾದವರಿಗೆ ಕೈಗೆ ಬರಬೇಕಾದದ್ದು ತಪ್ಪಿಹೋಗಬಹುದು.

ಸರ್ಕಾರದ ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ ಗೊತ್ತೇ? ಬಹಳ ಸಲ ಬೆಂಗಳೂರಿನಲ್ಲಲ್ಲ, ನಮ್ಮ ಕಾಗದಗಳಲ್ಲೇ. ನಾಡಕಚೇರಿಯಿಂದ ಪಡೆದ ಜಾತಿ-ಆದಾಯ ಪ್ರಮಾಣಪತ್ರದ ಮೇಲ್ಭಾಗದಲ್ಲಿ ‘ಆರ್‌ಡಿ’ ಎಂದು ಶುರುವಾಗುವ ಉದ್ದನೆಯ ನಂಬರ್ ಇರುತ್ತದೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಕೇಳುವುದು ಆ ನಂಬರನ್ನು. ಆದಾಯ ಪತ್ರದ ಆಯುಸ್ಸು ಐದು ವರ್ಷ. ಪಿಯುಸಿಗೆ ತೆಗೆಸಿದ್ದು ಡಿಗ್ರಿಯ ಕೊನೆಯ ವರ್ಷಕ್ಕೆ ತೀರಿರಬಹುದು. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಕ್ರೈಸ್ತ ಮನೆಗಳಲ್ಲಿ ಇದು ಮತ್ತಷ್ಟು: ದೀಕ್ಷಾಸ್ನಾನದ ಹೆಸರೊಂದು, ಶಾಲೆಗೆ ಹಚ್ಚಿದ ಹೆಸರೊಂದು. ಕಡೆಗೆ ಬ್ಯಾಂಕ್. ಖಾತೆಗೆ ಆಧಾರ್ ಕೊಟ್ಟರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಇದೇ ಖಾತೆಗೆ ಬರಲಿ ಎಂಬ ಜೋಡಣೆ, ಆಗಿರಬೇಕು. ಆಗದಿದ್ದರೆ ಮಂಜೂರಾದ ಹಣವೂ ಖಾತೆಗೆ ಬರುವುದಿಲ್ಲ. ‘ಎನ್‌ಪಿಸಿಐ ಮಾಡಿಕೊಡ್ರಿ’ ಎಂದು ಬ್ಯಾಂಕಿನಲ್ಲಿ ಆ ಹೆಸರು ಹೇಳಿಯೇ ಕೇಳಿ.

ರೈತರ ಮಕ್ಕಳಿಗೆ ಜಾತಿ, ಧರ್ಮ ಕೇಳದ ನೆರವೊಂದಿದೆ, ರೈತ ವಿದ್ಯಾನಿಧಿ. ಶಿಗ್ಗಾವಿ ಕ್ಷೇತ್ರದ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ 2021ರ ಜುಲೈ 28ರಂದು ಮುಖ್ಯಮಂತ್ರಿಯಾದ ದಿನವೇ ಘೋಷಿಸಿದ್ದು. ಶುರುವಾದಾಗ ನಿಗದಿಯಾದ ಮೊತ್ತ ಹೀಗಿತ್ತು: ಬಿ.ಎ., ಬಿ.ಎಸ್ಸಿ.ಯಂಥ ಪದವಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ, ಎಂಬಿಬಿಎಸ್, ಬಿ.ಇ., ಸ್ನಾತಕೋತ್ತರಕ್ಕೆ 10,000 ಮತ್ತು 11,000. ಮುಂದೆ ಭೂಮಿಯಿಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿದರು.

ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ: ಊಟ, ವಸತಿಗೆ ವರ್ಷದಲ್ಲಿ ಹತ್ತು ತಿಂಗಳು ಹಣ. ಶುರುವಾದಾಗ ಅದು ತಿಂಗಳಿಗೆ 1,500 ರೂಪಾಯಿಯಿತ್ತು.

ಹುಡುಗಿಯರಿಗೆ ಬಸ್ಸಿನ ಖರ್ಚೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಮನೆಯಿಂದಲೇ ಓಡಾಡುವಷ್ಟು ಹತ್ತಿರದ ಕಾಲೇಜಾದರೆ ಹಾಸ್ಟೆಲ್ ಖರ್ಚೂ ಉಳಿಯಿತು.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದೆಯೇ? ಕೇಂದ್ರ ಸರ್ಕಾರ ವರ್ಷಕ್ಕೆ 82,000 ವಿದ್ಯಾರ್ಥಿಗಳಿಗೆ ಹೊಸದಾಗಿ ವಿದ್ಯಾರ್ಥಿವೇತನ ಕೊಡುತ್ತದೆ, ಪದವಿಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ 4.5 ಲಕ್ಷ ಮೀರಿರಬಾರದು. ಮಗಳು ತಾಂತ್ರಿಕ ಕೋರ್ಸ್ ಸೇರಿದ್ದರೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಹತ್ತನೇ ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000. ಇವು ಮೂರಕ್ಕೂ ಧರ್ಮದ ಗೊಡವೆಯಿಲ್ಲ.

ಸಾಲ ಕಡೆಯ ದಾರಿ. ಆದರೂ ಕೈಗಡಕ್ಕಿಂತ, ಬಂಗಾರ ಅಡ ಇಡುವುದಕ್ಕಿಂತ ಎಷ್ಟೋ ಮೇಲು. 1986ರಲ್ಲಿ ಹುಟ್ಟಿದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯಲ್ಲಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸ್ ಸೇರಿದವರಿಗೆ ಶೇ. 2ರ ಸೇವಾ ಶುಲ್ಕದಲ್ಲಿ ಸಾಲ ಸಿಗುತ್ತದೆ. ಬ್ಯಾಂಕಿನಲ್ಲಾದರೆ ಕೇಂದ್ರದ ಸಾಲ ಖಾತರಿ ನಿಧಿಯಡಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಹೊಲದ ಉತಾರ, ಮನೆಯ ಕಾಗದ ಅಡವಿಡಬೇಕಿಲ್ಲ. 2024ರ ನವೆಂಬರ್ 6ರಂದು ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3ರಷ್ಟು ಇಳಿಕೆ. ಉನ್ನತ ಶ್ರೇಯಾಂಕದ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯ, ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ.

ಹಣದ ಬದಲು ಸೇವೆಯಿಂದ ಋಣ ತೀರಿಸುವ ಪದ್ಧತಿಯೂ ಇದೆ. ಇಡಾ ಸ್ಕಡರ್ 1918ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ವೈದ್ಯಶಾಲೆಯೇ ಬೆಳೆದು ಇಂದಿನ ವೆಲ್ಲೂರು ಸಿಎಂಸಿಯಾಯಿತು. ಕ್ರೈಸ್ತ ಸಭೆಗಳ ಪ್ರಾಯೋಜನೆಯಲ್ಲಿ ಅಲ್ಲಿ ಎಂಬಿಬಿಎಸ್ ಓದಿದವರು ಮಿಷನ್ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿಯಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಗ್ರಾಮೀಣ ಸೇವೆಯ ಕರಾರಿದೆ. ಹಾವೇರಿಯಂಥ ಜಿಲ್ಲೆಗೆ ವೈದ್ಯರು ಬರುವುದು ಇಂಥ ಕರಾರುಗಳಿಂದಲೇ ಹೆಚ್ಚು ಎಂದು ನಾನು ನಂಬುತ್ತೇನೆ.

ಬಡ ವಿದ್ಯಾರ್ಥಿಗಳಿಗೆ ದಾರಿ ಮಾಡಿದ ಕಥೆಗಳು ಹೊರದೇಶಗಳಲ್ಲೂ ಇವೆ. ಅಮೆರಿಕದ ಹಾರ್ವರ್ಡ್ ಶುರುವಾದದ್ದು 1636ರಲ್ಲಿ, ಪಾದ್ರಿಗಳನ್ನು ತಯಾರು ಮಾಡುವುದು ಅದರ ಮೊದಲ ಉದ್ದೇಶಗಳಲ್ಲೊಂದು. ಬಡ ವಿದ್ಯಾರ್ಥಿಗೆಂದು ಅಲ್ಲಿ ಮೊದಲ ದತ್ತಿ ಇಟ್ಟವಳು ಒಬ್ಬ ಹೆಣ್ಣುಮಗಳು: 1643ರಲ್ಲಿ ಆ್ಯನ್ ರಾಡ್‌ಕ್ಲಿಫ್ 100 ಪೌಂಡ್ ಕೊಟ್ಟಳು. ಕೆಂಟಕಿಯ ಬೆರಿಯಾ ಕಾಲೇಜು 1855ರಲ್ಲಿ ಕ್ರೈಸ್ತ ಪ್ರಚಾರಕ ಜಾನ್ ಫೀ ಕಟ್ಟಿದ್ದು. 1892ರಿಂದ ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಪ್ರತಿ ವಿದ್ಯಾರ್ಥಿ ವಾರಕ್ಕೆ ಕನಿಷ್ಠ ಹತ್ತು ತಾಸು ಕಾಲೇಜಿನ ಕೆಲಸ ಮಾಡಬೇಕು. ಪೆನ್ಸಿಲ್ವೇನಿಯಾದ ಗ್ರೋವ್ ಸಿಟಿ ಕಾಲೇಜಿನದು ಬೇರೆ ಹಾದಿ. ವಿದ್ಯಾರ್ಥಿಗೆ ಕೊಟ್ಟ ಹಣವೂ ಕಾಲೇಜಿಗೆ ಕೊಟ್ಟ ಸರ್ಕಾರಿ ನೆರವೇ ಎಂದು 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ನಿಯಮಗಳ ಹಂಗು ಬೇಡವೆಂದು ಅದು ಸರ್ಕಾರಿ ನೆರವನ್ನೇ ಬಿಟ್ಟಿತು.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೊಂದು ಮಾತು: ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದೆ ಎಚ್-4 ವೀಸಾದಲ್ಲೇ ಬೆಳೆದ ಮಕ್ಕಳಿಗೆ ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಕಾಲೇಜು ತಾನೇ ಕೊಡುವ ನೆರವಿಗೆ ಆ ತಡೆಯಿಲ್ಲ. ಕ್ರೈಸ್ತ ಕಾಲೇಜುಗಳಲ್ಲಿ ಕೆಲವು, ವಿದ್ಯಾರ್ಥಿಯ ಚರ್ಚ್ ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸಿ ಫೀಸಿನಲ್ಲಿ ವಜಾ ಮಾಡುತ್ತವೆ.

ಸೇಂಟ್ ವಿನ್ಸೆಂಟ್ ಡಿ ಪೌಲ್ ಸಂಘವನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಫ್ರೆಡರಿಕ್ ಓಝನಾಮ್‌ಗೆ ಆಗ ಇಪ್ಪತ್ತು ವರ್ಷ, ಅವನೂ ಕಾಲೇಜು ವಿದ್ಯಾರ್ಥಿಯೇ. ಇಂದು ನಮ್ಮ ರಾಜ್ಯದ ಅನೇಕ ಚರ್ಚುಗಳಲ್ಲಿ ಆ ಸಂಘದ ಘಟಕಗಳು ಬಡ ಕುಟುಂಬಗಳಿಗೆ ನೆರವಾಗುತ್ತಿವೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಬೆಳೆ ಹಬ್ಬದ ದಿನ ಜನ ಹೊತ್ತು ತಂದ ಕುಂಬಳಕಾಯಿ, ಜೋಳ, ಕೋಳಿ ಎಲ್ಲವನ್ನೂ ಹರಾಜು ಹಾಕುತ್ತಾರೆ. ಆ ಹಣದಲ್ಲಿ ಒಂದು ಪಾಲನ್ನು ಊರಿನ ಒಬ್ಬ ಕಾಲೇಜು ವಿದ್ಯಾರ್ಥಿಗೆ ಎತ್ತಿಡುವುದು ಸಭೆಯ ಹಿರಿಯರ ಕೈಯಲ್ಲಿದೆ.

ಹತ್ತಿಮತ್ತೂರಿನ, ಸುತ್ತಲಿನ ಹಳ್ಳಿಗಳ ಮಾಸ್ತರರಲ್ಲಿ, ಅಕ್ಕೋರಲ್ಲಿ, ಸಭಾಪಾಲಕರಲ್ಲಿ ಒಂದು ವಿನಂತಿ. ಪಿಯುಸಿ ಎರಡನೇ ವರ್ಷದ ಮಕ್ಕಳನ್ನು ಫೆಬ್ರುವರಿಯ ಒಂದು ಭಾನುವಾರ ಕೂರಿಸಿಕೊಳ್ಳಿ. ಆಧಾರ್, ಅಂಕಪಟ್ಟಿ, ಜಾತಿ-ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಎದುರಿಗಿಟ್ಟು ಹೆಸರಿನ ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪಿದ್ದರೆ ತಿದ್ದಿಸಲು ಜೂನ್‌ವರೆಗೆ ಸಮಯವಿರುತ್ತದೆ.