ಉಪಗ್ರಹದ ಚಿತ್ರ, ನಮ್ಮ ತೋಟ: ಅಳತೆಗೋಲು ಒಂದೇ ಇರಲಿ



ಪಹಣಿಯಲ್ಲಿ ಎಕರೆ-ಗುಂಟೆ ಸರಿಯಿದ್ದರೆ ಸಾಕೆಂಬ ಕಾಲ ಹೋಯಿತು. ಐರೋಪ್ಯ ಒಕ್ಕೂಟದ 2023ರ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಕಾನೂನು ಮಾತ್ರ ಉಳಿದಿದೆ. ಅಡಿಕೆ ಇದರಲ್ಲಿ ಸೇರಿಲ್ಲ. ಕಾಫಿ ಬೆಳೆದ ಜಾಗವನ್ನು ಅಕ್ಷಾಂಶ-ರೇಖಾಂಶದಲ್ಲಿ ತಿಳಿಸಬೇಕು; ಅದನ್ನು ಉಪಗ್ರಹದ ಚಿತ್ರದೊಡನೆ ತಾಳೆ ನೋಡುತ್ತಾರೆ. ತಾಳೆಯಾಗಬೇಕಾದರೆ ಎರಡಕ್ಕೂ ಅಳತೆಗೋಲು ಒಂದೇ ಇರಬೇಕು.

ಈ ಪಾಠ ಹಳೆಯದು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಮೋಜಣಿಯ ಆಧಾರರೇಖೆಯನ್ನು ಅಳೆದದ್ದು ಬೆಂಗಳೂರಿನ ಪೂರ್ವದ ಬಯಲಿನಲ್ಲಿ. ನೂರಡಿಯ ಉಕ್ಕಿನ ಸರಪಳಿ ಬಿಸಿಲಿಗೆ ಹಿಗ್ಗುತ್ತದೆಂದು ಪಕ್ಕದಲ್ಲಿ ಥರ್ಮಾಮೀಟರು ಇಟ್ಟು, ಅಳತೆಯನ್ನೆಲ್ಲ ಒಂದೇ ಉಷ್ಣತೆಯ ಲೆಕ್ಕಕ್ಕೆ ತಂದರು. ಇಂದು ಅದೇ ದಿಕ್ಕಿನಲ್ಲಿ, ಇಂದಿರಾನಗರ ದಾಟಿದರೆ ಸಿಗುವ ವಿಮಾನಪುರದಲ್ಲಿ, ಇಸ್ರೋದ ಉಪಗ್ರಹ ಕೇಂದ್ರವಿದೆ. 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹವನ್ನು ರೂಪಿಸಿದ್ದು ಈ ಕೇಂದ್ರವೇ.

ಈಗ ನಮ್ಮ ರಿಸೋರ್ಸ್‌ಸ್ಯಾಟ್, ಅಮೆರಿಕದ ಲ್ಯಾಂಡ್‌ಸ್ಯಾಟ್, ಐರೋಪ್ಯರ ಸೆಂಟಿನೆಲ್ ಎಲ್ಲವೂ ಭೂಮಿಯನ್ನು ನೋಡುತ್ತಿವೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ 30 ಮೀಟರ್ ಅಗಲ, ಸೆಂಟಿನೆಲ್‌ನದು 10 ಮೀಟರ್. ಆದರೂ ಒಂದರ ಮೇಲೊಂದು ಕೂರುತ್ತವೆ, ಏಕೆಂದರೆ ಎಲ್ಲವೂ ಡಬ್ಲ್ಯೂಜಿಎಸ್-84 ಎಂಬ ಒಂದೇ ಆಧಾರವನ್ನು ಒಪ್ಪಿವೆ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳದು ಎವರೆಸ್ಟ್ ಆಧಾರ. 2005ರ ನಕ್ಷಾ ನೀತಿಯ ನಂತರವೇ ಸಾರ್ವಜನಿಕ ನಕ್ಷೆಗಳು ಹೊಸ ಆಧಾರಕ್ಕೆ ಬಂದವು. ಇವೆರಡಕ್ಕೂ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ. ಹಳೆಯ ಅಂಕಿಯನ್ನು ಹಾಗೆಯೇ ಬರೆದರೆ ನಿಮ್ಮ ಕಾಫಿ ಪಕ್ಕದ ಕಾಡಿನಲ್ಲಿ ಬೆಳೆದಂತೆ ಕಂಡೀತು!

ಆದ್ದರಿಂದ ಗಮನಿಸಿ:

1. ಅಂಕಿಯನ್ನು ತೋಟದಲ್ಲಿಯೇ ನಿಂತು, ಡಬ್ಲ್ಯೂಜಿಎಸ್-84ರಲ್ಲಿ ತೆಗೆದುಕೊಳ್ಳಿ.

2. 13 ಡಿಗ್ರಿ 20 ನಿಮಿಷವೆಂದರೆ 13.20 ಅಲ್ಲ, 13.333333. ಇಲ್ಲಿ ತಪ್ಪಿದರೆ ತೋಟ 14 ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ದಶಾಂಶದ ನಂತರ ಆರು ಅಂಕಿ ಬೇಕು.

3. ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ಕಂಪ್ಯೂಟರಿನ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ಅದಲುಬದಲಾದರೆ ಚಿಕ್ಕಮಗಳೂರಿನ ತೋಟ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಬೀಳುತ್ತದೆ.

4. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು 9 ಎಕರೆ 35 ಗುಂಟೆಗಿಂತ, ದೊಡ್ಡ ಜಮೀನಿಗೆ ಸುತ್ತಲಿನ ಗಡಿಯನ್ನೇ ಕೊಡಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು.

ಕಡತ ಕಳಿಸುವ ಮೊದಲು ಆ ಗುರುತನ್ನು ಉಪಗ್ರಹ ಚಿತ್ರದ ಮೇಲೆ ಒಮ್ಮೆ ಇಟ್ಟು ನೋಡಿ. ನಿಮ್ಮ ಕಣ, ನಿಮ್ಮ ಕೆರೆ ಅಲ್ಲಿ ಕಂಡರೆ ಸರಿ.

— ಕಾರ್ಯದರ್ಶಿ